ಸುಣ್ಣ ಅರೆದ ಬಗೆ

ಸುಣ್ಣವೆಂಬ ಮಾತು ನಮ್ಮಲ್ಲಿ ಎಷ್ಟು ಬಳಕೆಯದೆಂದರೆ ಅದರ ಅರ್ಥವನ್ನು ವಿಚಾರಿಸುವ ಪ್ರಸಂಗವೇ ಯಾರಿಗೂ ಬರುವುದಿಲ್ಲ. ವೀಳ್ಯದೆಲೆಗೆ ಹಚ್ಚುವುದು ಸುಣ್ಣ. ಹಬ್ಬದ ಮುನ್ನಾದಿನಗಳಲ್ಲಿ ಗೋಡೆಗೆ ಬಳಿಯುವುದು ಸುಣ್ಣ. ಹೊಸ ಬಾವಿಯ ನೀರಿಗೆ ಹಾಕುವುದೂ ಸುಣ್ಣ. ಸಂಸ್ಕೃತದ ‘ಚೂರ್ಣ’ವೇ ತದ್ಭವವಾಗಿ ಕನ್ನಡದಲ್ಲಿ ‘ಸುಣ್ಣ’ವಾಯಿತು. ಚೂರ್ಣವೆಂದರೆ ಪುಡಿ. ಹಿಂದಿಯ ‘ಚೂನಾ’ ಎಂಬುದೂ ಅದೇ ಬೇರಿನದು. ನಮ್ಮ ಕರಾವಳಿಗೆ ಬಂದ ಬಿಳಿಯರು ತಮ್ಮ ಬರೆಹಗಳಲ್ಲಿ ‘ಚುನಮ್’ ಎಂದು ಬರೆದುಕೊಂಡದ್ದೂ ಅದನ್ನೇ. ಅಂದಮೇಲೆ ನಮ್ಮ ಹಿರಿಯರು ಈ ವಸ್ತುವಿಗೆ ಹೆಸರಿಡುವಾಗ ಅದರ ಬಣ್ಣವನ್ನಾಗಲಿ ಉರಿಯನ್ನಾಗಲಿ ಹಿಡಿಯಲಿಲ್ಲ. ಪುಡಿಯಾಗುವ ಗುಣವನ್ನು ಹಿಡಿದರು. ಕಲ್ಲಿನಂಥ ವಸ್ತುವೊಂದನ್ನು ಪುಡಿಮಾಡಿದ ಕಥೆಯೇ ಸುಣ್ಣದ ಚರಿತ್ರೆ.

ವಾಚಕರೆ, ಕನ್ನಡ ಕಲಿಸುವ ಮಾಸ್ತರನಿಗೆ ಈ ಸುಣ್ಣದ ಗೊಡವೆ ಏಕೆಂದು ನೀವು ಕೇಳಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ನಾನಿರುವುದು ಚೆಂಡಿಯಾದಲ್ಲಿ. ಕಾರವಾರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಪ್ರಯಾಣ ಮಾಡಿದವರಿಗೆ ಈ ಊರು ಗೊತ್ತಿರುತ್ತದೆ. ಮೂಡಲಿಗೆ ಗುಡ್ಡ, ಪಡುವಲಿಗೆ ಕಡಲು, ನಡುವೆ ತೆಂಗು ಮತ್ತು ಗದ್ದೆ. ಕಳೆದ ದೀಪಾವಳಿಯ ಮರುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಅವನ ಮನೆತನದ ನೆಲವು ಈ ಕಡಲತೀರದ ಎಷ್ಟೋ ಮನೆತನಗಳ ನೆಲದಂತೆ ನೌಕಾನೆಲೆಗೆ ಹೋದದ್ದು. ಪರಿಹಾರವಾಗಿ ಬಂದ ಹಣದಲ್ಲಿ ಒಂದು ಪಾಲನ್ನು ಅವನ ತಂದೆ ಮುಟ್ಟದೆ ಇಟ್ಟಿದ್ದರು. ಆ ಹಣಕ್ಕೆ ಬ್ಯಾಂಕಿನ ಸಾಲವನ್ನು ಕೂಡಿಸಿ ಸುಣ್ಣದಕಲ್ಲು ಪುಡಿಮಾಡುವ ಗಿರಣಿಯೊಂದನ್ನು ಹಾಕಬೇಕೆಂಬುದು ಅವನ ಎಣಿಕೆ. ಕೈಯಲ್ಲಿ ಯಂತ್ರಗಳ ಮೂರು ಪಟ್ಟಿಗಳಿದ್ದವು, ಮೂರೂ ಇಂಗ್ಲಿಷಿನಲ್ಲಿ.

“ಮಾಸ್ತರರೆ, ಇವುಗಳಲ್ಲಿ ಯಾವುದು ಒಳ್ಳೆಯದೆಂದು ಓದಿ ಹೇಳಬೇಕು. ಇದ್ದ ಹಣವೆಲ್ಲ ಇದೇ. ಇದು ಹೋದರೆ ಮತ್ತೆ ನೆಲವೂ ಇಲ್ಲ, ಹಣವೂ ಇಲ್ಲ” ಎಂದ.

ಓದಿ ನೋಡಿದೆ. ಮೂರು ಪಟ್ಟಿಗಳೂ ತಮ್ಮ ತಮ್ಮ ಯಂತ್ರವೇ ಎಲ್ಲಕ್ಕೂ ಮಿಗಿಲೆಂದು ಹೇಳುತ್ತಿದ್ದವು. ಅವನನ್ನು ಕೂರಿಸಿ ನಾನು ಕೇಳಿದ ಮೊದಲ ಪ್ರಶ್ನೆ ಇಷ್ಟೇ: “ತಮ್ಮಾ, ನೀನು ಪುಡಿ ಮಾಡುವುದು ಸುಣ್ಣವನ್ನೋ, ಸುಣ್ಣದ ಕಲ್ಲನ್ನೋ?” ಎರಡೂ ಒಂದೇ ಅಲ್ಲವೇ ಎಂದು ಅವನು ನನ್ನ ಮುಖ ನೋಡಿದ. ಆ ದಿನ ಸಾಯಂಕಾಲದವರೆಗೆ ನಾವು ಆಡಿದ ಮಾತುಗಳನ್ನೂ, ಅನಂತರ ನಾನು ಪುಸ್ತಕಗಳಲ್ಲಿ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ಸುಣ್ಣವೆಂದರೆ ಹಿಂದಿನಿಂದಲೂ ಚಿಪ್ಪಿನ ಸುಣ್ಣ. ಕುಮಟೆಯ ಮೂಡಣ ಕಾಡಿನಲ್ಲಿ ಯಾಣದ ಕಪ್ಪು ಶಿಖರಗಳು ಸುಣ್ಣಕಲ್ಲಿನವೆಂದು ಹೇಳುತ್ತಾರಾದರೂ ದೇವಸ್ಥಾನದ ಬಂಡೆಯನ್ನು ಒಡೆದು ಸುಣ್ಣ ಸುಡುವವರು ಯಾರು? ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಈ ನಾಲ್ಕು ಹೊಳೆಗಳು ಕಡಲನ್ನು ಕೂಡುವಲ್ಲಿ, ಸಿಹಿನೀರು ಉಪ್ಪುನೀರು ಬೆರೆಯುವ ಕೆಸರಿನಲ್ಲಿ, ಬಳಚು ಮೊದಲಾದ ಚಿಪ್ಪಿನ ಜೀವಿಗಳು ಬೆಳೆಯುತ್ತವೆ. ಕೊಂಕಣಿ ಮಾತಾಡುವವರು ತಿಸ್ರೆ ಎನ್ನುವುದೂ ಇವುಗಳ ಪೈಕಿಯೇ. ಒಳಗಿನ ಮಾಂಸ ಊಟಕ್ಕೆ, ಹೊರಗಿನ ಚಿಪ್ಪು ಸುಣ್ಣದ ಭಟ್ಟಿಗೆ. ಸತ್ತ ಜೀವಿಗಳ ಚಿಪ್ಪುಗಳು ತಲೆತಲಾಂತರದಿಂದ ಹೊಳೆಯ ತಳದಲ್ಲಿ ಪದರವಾಗಿ ಕೂತಿರುವುದೂ ಉಂಟು. ಚಿಪ್ಪಿಗೂ ಕಲ್ಲಿಗೂ ನೋಟದಲ್ಲಿ ಹೋಲಿಕೆಯಿಲ್ಲ. ಆದರೆ ರಸಾಯನಶಾಸ್ತ್ರದವರ ದೃಷ್ಟಿಯಲ್ಲಿ ಎರಡೂ ಒಂದೇ ವಸ್ತು. ಅವರು ಅದನ್ನು ಕ್ಯಾಲ್ಸಿಯಂ ಕಾರ್ಬೊನೇಟು ಎನ್ನುತ್ತಾರೆ. ಶಹಾಬಾದಿನ ಹಾಸುಗಲ್ಲಿನ ಬಹುಪಾಲೂ ಅದೇ.

ಚಿಪ್ಪನ್ನು ಇದ್ದಿಲಿನೊಡನೆ ಪದರ ಪದರವಾಗಿ ಭಟ್ಟಿಯಲ್ಲಿ ಒಟ್ಟಿ ಬೆಂಕಿ ಹಾಕುತ್ತಿದ್ದರು. ಸುಮಾರು ೯೦೦ ಡಿಗ್ರಿ ಶಾಖದಲ್ಲಿ ಅದರೊಳಗಿನ ಅನಿಲ ಹೊರಟುಹೋಗುತ್ತದೆ. ನೂರು ಸೇರು ಶುದ್ಧವಾದ ಚಿಪ್ಪು ಸುಟ್ಟರೆ ೪೪ ಸೇರು ಗಾಳಿಗೆ ಹೋಗಿ ೫೬ ಸೇರು ಸುಟ್ಟ ಸುಣ್ಣ ಉಳಿಯುತ್ತದೆ. ಇದರ ಮೇಲೆ ನೀರು ಚಿಮುಕಿಸಿದರೆ ಬುಸುಗುಟ್ಟುತ್ತ, ಹಬೆಯಾಡುತ್ತ ಉಬ್ಬಿ ತನಗೆ ತಾನೇ ಪುಡಿಯಾಗುತ್ತದೆ. ಇದಕ್ಕೆ ನಮ್ಮವರು ‘ಸುಣ್ಣ ಅರಳುವುದು’ ಎನ್ನುತ್ತಾರೆ. ಹೂವಿಗೂ ಮುಖಕ್ಕೂ ಹೇಳುವ ಮಾತನ್ನೇ ಸುಣ್ಣಕ್ಕೂ ಹೇಳಿದ್ದಾರೆ. ನೋಡಿದವರಿಗೆ ಆ ಮಾತು ಎಷ್ಟು ಸರಿಯೆಂದು ಹೊಳೆಯುತ್ತದೆ. ಯಂತ್ರವಿಲ್ಲದ ಕಾಲದಲ್ಲಿ ಕಲ್ಲನ್ನು ನುಣುಪಾದ ಪುಡಿ ಮಾಡಲು ಮನುಷ್ಯ ಕಂಡುಕೊಂಡ ಉಪಾಯ ಇದು. ಕೈಯಿಂದ ಆಗದ ಕೆಲಸವನ್ನು ಬೆಂಕಿಗೂ ನೀರಿಗೂ ಒಪ್ಪಿಸಿದ.

ಹೀಗೆ ಅರಳಿದ ಸುಣ್ಣವನ್ನು ಮರಳಿನೊಡನೆ ಕಲಸಿ ಗೋಡೆಗೆ ಹಾಕಿದರೆ ಅದು ಗಾಳಿಯಲ್ಲಿರುವ ಅನಿಲವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಮೊದಲಿನ ಕಲ್ಲೇ ಆಗುತ್ತದೆ. ಭಟ್ಟಿಯಲ್ಲಿ ಕಳೆದುಕೊಂಡುದನ್ನು ಗೋಡೆಯಲ್ಲಿ ಪಡೆಯುತ್ತದೆ. ಆದರೆ ಸುಡದ ಕಲ್ಲನ್ನು ಎಷ್ಟೇ ನುಣ್ಣಗೆ ಅರೆದು ನೀರಿನಲ್ಲಿ ಕಲಸಿದರೂ ಅದು ಗಟ್ಟಿಯಾಗದು. ಒಣಗಿದ ಮೇಲೆ ಪುಡಿಯೇ. ನನ್ನ ವಿದ್ಯಾರ್ಥಿಗೆ ತಿಳಿಯದೆ ಇದ್ದುದು ಇದೇ. ಒಂದು ಪುಡಿ ಕಟ್ಟಡಕ್ಕೆ. ಇನ್ನೊಂದು ಪುಡಿ ಗದ್ದೆಗೆ, ಬಣ್ಣಕ್ಕೆ, ಕಾಗದಕ್ಕೆ, ರಬ್ಬರಿಗೆ, ಕೋಳಿಯ ಮೇವಿಗೆ. ಹೆಸರು ಒಂದೇ ಎಂದು ಕೊಂಡವನಿಗೂ ಮಾರಿದವನಿಗೂ ನಷ್ಟ.

ಸುಣ್ಣ ಅರಳಿದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಅರಳಿದುದರಲ್ಲಿ ಬೇಯದ ಹರಳುಗಳಿರುತ್ತವೆ. ಹೆಚ್ಚು ಬೆಂದು ಬೇಗ ಅರಳದೆ ಉಳಿದವೂ ಇರುತ್ತವೆ. ಅಂಥ ಒಂದು ಹರಳು ಗೋಡೆಯೊಳಗೆ ಸೇರಿದರೆ ತಿಂಗಳುಗಳು ಕಳೆದಮೇಲೆ ತೇವ ಕುಡಿದು ಅರಳಿ, ಮೇಲಿನ ಗಾರೆಯನ್ನು ಸಿಡಿಸುತ್ತದೆ. ಆದುದರಿಂದಲೇ ಗಾರೆಯ ಗಾಣ ಹುಟ್ಟಿತು. ನೆಲದಲ್ಲಿ ದುಂಡಗೆ ಒಂದು ಕಾಲುವೆ, ಅದಕ್ಕೆ ಕಲ್ಲಿನ ಹಾಸು, ನಡುವೆ ಒಂದು ಗೂಟ, ಗೂಟಕ್ಕೆ ಸಿಕ್ಕಿಸಿದ ಉದ್ದನೆಯ ಮರ, ಆ ಮರದಲ್ಲಿ ಕಾಲುವೆಯೊಳಗೆ ಉರುಳುವ ಕಲ್ಲಿನ ಗಾಲಿ, ತುದಿಗೆ ಎತ್ತು. ಸುಣ್ಣ, ಮರಳು, ಇಟ್ಟಿಗೆಯ ಪುಡಿಯಾದ ಸುರಕಿ, ಇವುಗಳನ್ನು ನೀರಿನೊಡನೆ ಕಾಲುವೆಗೆ ಹಾಕಿ ಎತ್ತನ್ನು ಸುತ್ತಿಸುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮೊದಲಾದವನ್ನು ಬೆರೆಸುವ ರೂಢಿ ದಕ್ಷಿಣದೇಶದಲ್ಲೆಲ್ಲ ಇತ್ತು. ಗಾಲಿಯ ಭಾರ ಹರಳುಗಳನ್ನು ನುರಿಯುತ್ತಿತ್ತು. ಅದರ ಉಜ್ಜುವಿಕೆಯಿಂದ ಮರಳಿನ ಒಂದೊಂದು ಕಣಕ್ಕೂ ಸುಣ್ಣ ಹತ್ತುತ್ತಿತ್ತು. ಒಂದು ಕೆಲಸ ಒಡೆಯುವುದು, ಇನ್ನೊಂದು ಕೆಲಸ ತೇಯುವುದು. ಈ ಎರಡು ಕೆಲಸಗಳನ್ನು ನೆನಪಿನಲ್ಲಿಡಿರಿ. ಇಂದಿನ ಯಾವ ಗಿರಣಿಯೂ ಇವೆರಡನ್ನು ಬಿಟ್ಟು ಮೂರನೆಯದನ್ನು ಮಾಡುವುದಿಲ್ಲ.

ನಮ್ಮ ನಾಡಿನಲ್ಲಿ ಈ ವಿದ್ಯೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಚಿತ್ರ ಬರೆಯುವ ಗೋಡೆಯನ್ನು ಸುಣ್ಣದಿಂದ ನುಣುಪು ಮಾಡುವುದರ ಮತ್ತು ವಜ್ರಲೇಪದ ಮಾತು ಬಂದಿದೆ. ಸುಣ್ಣಕ್ಕೆ ಸಂಸ್ಕೃತದಲ್ಲಿ ‘ಸುಧೆ’ ಎಂಬ ಹೆಸರೂ ಉಂಟು. ಅಮೃತಕ್ಕೂ ಅದೇ ಹೆಸರು. ನಮ್ಮ ಜಿಲ್ಲೆಯ ಕಡಲತೀರವಂತೂ ಕೋಟೆಗಳ ಸಾಲು. ಅಂಜುದೀವ್ ನಡುಗಡ್ಡೆಯಲ್ಲಿ ೧೫೦೫ರಲ್ಲಿ ಪೋರ್ತುಗೀಸರ ಅಲ್ಮೇಯ್ದ ಕೋಟೆ ಎಬ್ಬಿಸಿದ. ಕಾಳಿಯ ದಡದ ಸದಾಶಿವಗಡ, ಅಘನಾಶಿನಿಯ ಬಳಿಯ ಮಿರ್ಜಾನು, ೧೭ನೆಯ ಶತಮಾನದಲ್ಲಿ ಇಂಗ್ಲಿಷರು ಕಾರವಾರದಲ್ಲಿ ತೆರೆದ ವಖಾರ, ಇವೆಲ್ಲ ಸಿಮೆಂಟಿನ ಹೆಸರು ಕೇಳುವುದಕ್ಕೆ ಬಹು ಹಿಂದಿನವು.

ಈಗಿನ ಕಾಲಕ್ಕೆ ಹತ್ತಿರದ ನಿದರ್ಶನ ಬೇಕೆಂದರೆ ಕನ್ನಂಬಾಡಿ ಕಟ್ಟೆಯನ್ನು ನೋಡಬಹುದು. ೧೯೧೧ರಲ್ಲಿ ಕೆಲಸ ಆರಂಭವಾಗಿ ಎರಡು ದಶಕಗಳಲ್ಲಿ ಮುಗಿದ ಆ ಕಟ್ಟೆ ಸುಮಾರು ೧೩೦ ಅಡಿ ಎತ್ತರದ್ದು. ಕಲ್ಲನ್ನು ಕಲ್ಲಿಗೆ ಹಿಡಿಸಿದ್ದು ಸುಣ್ಣ ಮತ್ತು ಸುರಕಿಯ ಗಾರೆ. ಬರಿಯ ಸುಣ್ಣ ಗಾಳಿಯಿಲ್ಲದ ಕಡೆ ಗಟ್ಟಿಯಾಗದು. ಸುಟ್ಟ ಜೇಡಿಯ ನುಣ್ಣನೆಯ ಪುಡಿ ಸೇರಿದರೆ ನೀರಿನ ಕೆಳಗೂ ಗಟ್ಟಿಯಾಗುತ್ತದೆ. ಈ ಸುರಕಿ ತರಿತರಿಯಾಗಿದ್ದರೆ ಮರಳಿನ ಹಾಗೆ ಸುಮ್ಮನೆ ಕೂತಿರುತ್ತದೆ. ನುಣ್ಣಗಾದರೆ ಮಾತ್ರ ಸುಣ್ಣದೊಡನೆ ಕೂಡಿ ಕೆಲಸ ಮಾಡುತ್ತದೆ. ಅಷ್ಟು ದೊಡ್ಡ ಕಟ್ಟೆಯ ಬಲವೂ ಅರೆದ ಪುಡಿಯ ನಯದ ಮೇಲೆ ನಿಂತಿತ್ತೆಂದರೆ ಅರೆಯುವವನ ಹೊಣೆ ಎಂಥದೆಂಬುದನ್ನು ನೀವೇ ಊಹಿಸಿಕೊಳ್ಳಿ.

ಇನ್ನು ಕಡಲಾಚೆಯ ಮಾತು. ಪ್ರಾಚೀನ ರೋಮಿನವರು ಜ್ವಾಲಾಮುಖಿಯ ಬೂದಿಯನ್ನು ಸುಣ್ಣಕ್ಕೆ ಬೆರೆಸಿ ನೀರಿನಲ್ಲಿ ಗಟ್ಟಿಯಾಗುವ ಗಾರೆಯನ್ನು ಮಾಡಿಕೊಂಡಿದ್ದರು. ೧೭೫೬ರಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನ್ ಎಂಬ ಎಂಜಿನಿಯರನು ಎಡಿಸ್ಟೋನ್ ಎಂಬ ಕಡಲಬಂಡೆಯ ಮೇಲೆ ದೀಪಸ್ತಂಭ ಕಟ್ಟಲು ಹೊರಟಾಗ, ಜೇಡಿ ಬೆರೆತ ಸುಣ್ಣಕಲ್ಲು ಸುಟ್ಟರೆ ನೀರಿಗೆ ಜಗ್ಗದ ಸುಣ್ಣ ಸಿಗುತ್ತದೆಂದು ಕಂಡುಕೊಂಡ. ೧೮೨೪ರಲ್ಲಿ ಲೀಡ್ಸ್ ಪಟ್ಟಣದ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟೆಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದ. ನಮ್ಮ ದೇಶದಲ್ಲಿ ಸಿಮೆಂಟು ಮಾಡುವ ಮೊದಲ ಪ್ರಯತ್ನ ೧೯೦೪ರಲ್ಲಿ ಮದರಾಸಿನಲ್ಲಿ ನಡೆಯಿತು. ಅದಕ್ಕೆ ಬಳಸಿದುದು ಕಡಲ ಚಿಪ್ಪನ್ನು ಎಂಬುದನ್ನು ಕರಾವಳಿಯ ನಾವು ನೆನೆಯಬೇಕು. ಅದು ಬಹಳ ದಿನ ನಡೆಯಲಿಲ್ಲ. ೧೯೧೪ರಲ್ಲಿ ಪೋರಬಂದರದ ಕಾರಖಾನೆ ಸಿಮೆಂಟು ಹೊರಡಿಸಿತು.

ಸಿಮೆಂಟು ಬಂದಮೇಲೆ ಅರೆಯುವ ಕೆಲಸದ ರೂಪವೇ ಬದಲಾಯಿತು. ಸುಟ್ಟ ಸುಣ್ಣ ನೀರಿಗೆ ಅರಳುತ್ತದೆ. ಸಿಮೆಂಟಿನ ಭಟ್ಟಿಯಿಂದ ಬರುವ ಉಂಡೆ ಕಬ್ಬಿಣದಂತೆ ಗಟ್ಟಿ, ಅದು ತಾನಾಗಿ ಅರಳದು. ಹಿಟ್ಟು ಬೀಸುವಂಥ ಕಲ್ಲುಗಳು ಬೇಗ ಸವೆದುಹೋದವು. ಆದುದರಿಂದ ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿ, ಡೆನ್ಮಾರ್ಕ್, ಅಮೆರಿಕ ದೇಶಗಳಲ್ಲಿ ಹೊಸ ಹೊಸ ಗಿರಣಿಗಳು ಹುಟ್ಟಿದವು. ಇಂದು ಸುಣ್ಣಕಲ್ಲಿನ ಪುಡಿಗೆ ಬಳಸುವ ಯಂತ್ರಗಳೆಲ್ಲ ಆ ವಂಶದವೇ. ಅವುಗಳಲ್ಲಿ ಮುಖ್ಯವಾದ ನಾಲ್ಕನ್ನು ಹೇಳುತ್ತೇನೆ.

ಮೊದಲನೆಯದು ಸುತ್ತಿಗೆಯ ಗಿರಣಿ. ವೇಗವಾಗಿ ತಿರುಗುವ ಅಚ್ಚಿಗೆ ನೇತುಹಾಕಿದ ಕಬ್ಬಿಣದ ಸುತ್ತಿಗೆಗಳು ಕಲ್ಲನ್ನು ಹೊಡೆದು ಒಡೆಯುತ್ತವೆ. ಕೆಳಗಿನ ಜಾಲರಿಯಿಂದ ಪುಡಿ ಇಳಿಯುತ್ತದೆ. ಬೆಲೆ ಕಡಮೆ, ಹಾಕುವುದು ಸುಲಭ. ಆದರೆ ರವೆಯಷ್ಟು ದಪ್ಪದ ಪುಡಿಯಿಂದ ಕೆಳಕ್ಕೆ ಇಳಿಯುವುದು ಕಷ್ಟ; ಸುತ್ತಿಗೆಗಳೂ ಬೇಗ ಸವೆಯುತ್ತವೆ.

ಎರಡನೆಯದು ಬಾಲ್ ಮಿಲ್ಲು. ಮಲಗಿಸಿದ ಪೀಪಾಯಿಯಲ್ಲಿ ಕಬ್ಬಿಣದ ಗುಂಡುಗಳನ್ನೂ ಕಲ್ಲನ್ನೂ ಹಾಕಿ ತಿರುಗಿಸುವುದು. ತೀರ ನಿಧಾನವಾದರೆ ಗುಂಡುಗಳು ತಳದಲ್ಲೇ ಹೊರಳುತ್ತವೆ. ತೀರ ವೇಗವಾದರೆ ಪೀಪಾಯಿಯ ಗೋಡೆಗೆ ಅಂಟಿಕೊಂಡು ಬೀಳುವುದೇ ಇಲ್ಲ. ಒಂದು ಮೀಟರು ವ್ಯಾಸದ ಪೀಪಾಯಿಗೆ ಆ ಮಿತಿ ನಿಮಿಷಕ್ಕೆ ಸುಮಾರು ೪೨ ಸುತ್ತು. ಅದರ ಮುಕ್ಕಾಲು ಪಾಲು, ಅಂದರೆ ೩೨ರ ಸುಮಾರಿನಲ್ಲಿ ಓಡಿಸಿದರೆ ಗುಂಡುಗಳು ಮೇಲಕ್ಕೇರಿ ಕಲ್ಲಿನ ಮೇಲೆ ಸರಿಯಾಗಿ ಬೀಳುತ್ತವೆ. ಗಟ್ಟಿಕಲ್ಲಿಗೂ ಜಗ್ಗದ, ಎಷ್ಟು ಬೇಕಾದರೂ ನುಣ್ಣಗೆ ಅರೆಯುವ ಯಂತ್ರ. ಆದರೆ ಅದು ತಿನ್ನುವ ವಿದ್ಯುತ್ತಿನ ಬಹುಪಾಲು ಶಾಖವಾಗಿಯೂ ಸದ್ದಾಗಿಯೂ ಹೋಗುತ್ತದೆ.

ಮೂರನೆಯದು ರೇಮಂಡ್ ಗಿರಣಿ. ಅಮೆರಿಕದ ಶಿಕಾಗೋ ನಗರದಲ್ಲಿ ೨೦ನೆಯ ಶತಮಾನದ ಮೊದಲ ವರ್ಷಗಳಲ್ಲಿ ರೂಪುಗೊಂಡ ಬಗೆ ಇದು. ನಿಂತ ಅಚ್ಚಿಗೆ ತೂಗುಹಾಕಿದ ಉರುಳೆಗಳು, ಅಚ್ಚು ತಿರುಗಿದಂತೆ ಹೊರಕ್ಕೆ ಚಿಮ್ಮಿ ಸುತ್ತಲಿನ ಉಕ್ಕಿನ ಬಳೆಗೆ ಒತ್ತುತ್ತವೆ. ನಡುವೆ ಸಿಕ್ಕಿದ ಕಲ್ಲು ನುರಿಯುತ್ತದೆ. ಕೆಳಗಿನಿಂದ ಊದುವ ಗಾಳಿ ನುಣ್ಣನೆಯ ಪುಡಿಯನ್ನು ಮೇಲಕ್ಕೆ ಒಯ್ಯುತ್ತದೆ. ದಪ್ಪ ಪುಡಿ ಮತ್ತೆ ಕೆಳಕ್ಕೆ ಬೀಳುತ್ತದೆ. ನಮ್ಮ ಹೆಂಗಸರು ಮೊರದಲ್ಲಿ ಕೇರುವುದನ್ನು ಇಲ್ಲಿ ಗಾಳಿ ಮಾಡುತ್ತದೆ. ಸುಣ್ಣಕಲ್ಲಿನಂಥ ಮೆದು ಕಲ್ಲಿಗೆ, ಮಧ್ಯಮ ಪ್ರಮಾಣದ ಕೆಲಸಕ್ಕೆ ಇದು ಹೊಂದುತ್ತದೆ.

ನಾಲ್ಕನೆಯದು ನಿಂತ ಉರುಳೆಯ ದೊಡ್ಡ ಗಿರಣಿ. ತಿರುಗುವ ತಟ್ಟೆಯ ಮೇಲೆ ಭಾರವಾದ ಉರುಳೆಗಳು ಒತ್ತಿ ಅರೆಯುತ್ತವೆ. ಬಿಸಿಗಾಳಿಯಿಂದ ಅಲ್ಲಿಯೇ ಕಲ್ಲಿನ ತೇವವೂ ಆರುತ್ತದೆ. ಜರ್ಮನಿಯ ಲೋಶೆಯವರ ಹೆಸರು ಈ ಬಗೆಗೆ ಅಂಟಿಕೊಂಡಿದೆ. ಇದರ ಚಿತ್ರವನ್ನು ನೋಡಿದಾಗ ನನಗೆ ನಗು ಬಂತು. ಇದು ನಮ್ಮ ಗಾರೆಯ ಗಾಣವೇ. ಗಾಲಿ ನಿಂತು ಕಾಲುವೆ ತಿರುಗುತ್ತದೆ, ಅಷ್ಟೇ ಭೇದ. ಬಾಲ್ ಮಿಲ್ಲಿಗಿಂತ ವಿದ್ಯುತ್ತು ಕಡಮೆ ಸಾಕು. ಆದರೆ ಸಿಮೆಂಟು ಕಾರಖಾನೆಗಳಂಥ ದೊಡ್ಡ ಕೆಲಸಕ್ಕಲ್ಲದೆ ಅದರ ಬೆಲೆ ಮೈಗೆ ಹತ್ತದು.

“ಹಾಗಾದರೆ ಮೂರನೆಯದೇ ಸರಿ” ಎಂದ ನನ್ನ ವಿದ್ಯಾರ್ಥಿ. ಅವಸರ ಬೇಡವೆಂದೆ. ಗಿರಣಿಯನ್ನು ಆರಿಸುವ ಮೊದಲು ಪುಡಿಯನ್ನು ಆರಿಸಬೇಕು.

ನುಣುಪಿಗೆ ಬೆಲೆ ಕೊಡಬೇಕಾಗುವುದು ಏಕೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಸೆಂಟಿಮೀಟರು ಉದ್ದ ಅಗಲ ಎತ್ತರದ ಕಲ್ಲಿನ ತುಂಡಿಗೆ ಆರು ಮೈ. ಒಟ್ಟು ಮೈಯ ಹರವು ೬ ಚದರ ಸೆಂಟಿಮೀಟರು. ಅದನ್ನು ಒಂದು ಮಿಲಿಮೀಟರಿನ ಸಾವಿರ ತುಂಡುಗಳಾಗಿ ಕೊಯ್ದರೆ ಹರವು ೬೦. ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗೆ ಇಳಿಸಿದರೆ ೬೦೦. ನೂರನೆಯ ಒಂದು ಪಾಲಿಗೆ ಇಳಿಸಿದರೆ ೬೦೦೦. ಕಲ್ಲು ಅಷ್ಟೇ, ತೂಕ ಅಷ್ಟೇ, ಮೈ ಮಾತ್ರ ಸಾವಿರ ಪಾಲು. ಪ್ರತಿಯೊಂದು ಹೊಸ ಮೈಯನ್ನೂ ಬಲದಿಂದ ಬಿಡಿಸಬೇಕು. ೧೮೬೭ರಲ್ಲಿ ರಿಟ್ಟಿಂಗರ್ ಎಂಬವನು ಈ ತತ್ತ್ವವನ್ನು ಹೇಳಿದ; ೧೯೫೨ರಲ್ಲಿ ಫ್ರೆಡ್ ಬಾಂಡ್ ಎಂಬ ಅಮೆರಿಕದ ಎಂಜಿನಿಯರು ಅನುಭವದಿಂದ ತಿದ್ದಿ ಒಂದು ಸೂತ್ರ ಮಾಡಿದ. ಸುಣ್ಣಕಲ್ಲಿಗೆ ಅವನ ಸೂತ್ರದಲ್ಲಿ ಹಾಕತಕ್ಕ ಅಂಕಿ ಸುಮಾರು ೧೨.

ಆ ಸೂತ್ರವನ್ನು ಹಿಡಿದು ಲೆಕ್ಕ ಹಾಕಿದೆವು. ಹತ್ತು ಮಿಲಿಮೀಟರಿನ ಜಲ್ಲಿಯನ್ನು ಇಂಚಿಗೆ ೬೦ ಕಣ್ಣಿನ ಜರಡಿಯಲ್ಲಿ ಇಳಿಯುವಷ್ಟು, ಅಂದರೆ ೨೫೦ ಮೈಕ್ರಾನಿನಷ್ಟು ಸಣ್ಣ ಮಾಡಲು ಟನ್ನಿಗೆ ಸುಮಾರು ಆರೂವರೆ ಯೂನಿಟ್ಟು ವಿದ್ಯುತ್ತು ಬೇಕು. ೨೦೦ ಕಣ್ಣಿನ ಜರಡಿಗೆ, ಅಂದರೆ ೭೫ ಮೈಕ್ರಾನಿಗೆ, ಹನ್ನೆರಡೂಮುಕ್ಕಾಲು. ೩೨೫ ಕಣ್ಣಿನ ಜರಡಿಗೆ, ೪೫ ಮೈಕ್ರಾನಿಗೆ, ಹದಿನಾರೂಮುಕ್ಕಾಲು. ಇದು ನೀರಿನೊಡನೆ ಅರೆಯುವ ಲೆಕ್ಕ. ಒಣಗಲು ಅರೆದರೆ ಹತ್ತಕ್ಕೆ ಮೂರರಂತೆ ಹೆಚ್ಚು. ಗಾಳಿ ಊದುವ ಯಂತ್ರದ ಖರ್ಚು ಬೇರೆ.

ಈಗ ಪ್ರಶ್ನೆ ಸುಲಭವಾಯಿತು. ಪುಡಿಯನ್ನು ಕೊಳ್ಳುವವರು ಯಾರು? ನಮ್ಮ ಕರಾವಳಿಯ ಚಿರೆಕಲ್ಲಿನ ನೆಲದಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರು ಮಳೆ ಸುರಿಯುತ್ತದೆ. ಆ ನೀರು ಮಣ್ಣಿನ ಸುಣ್ಣದ ಅಂಶವನ್ನು ತೊಳೆದು ಒಯ್ಯುವುದರಿಂದ ನೆಲ ಹುಳಿಯಾಗಿದೆ. ಹುಳಿ ನೆಲಕ್ಕೆ ಸುಣ್ಣಕಲ್ಲಿನ ಪುಡಿ ಔಷಧಿ. ಇಂಚಿಗೆ ೮ ಕಣ್ಣಿನ ಜರಡಿಯಲ್ಲಿ ಇಳಿಯದ ದಪ್ಪ ನುಚ್ಚು ಮಣ್ಣಿನಲ್ಲಿ ಹೆಚ್ಚುಕಡಮೆ ಕಲ್ಲಾಗಿಯೇ ಉಳಿಯುತ್ತದೆ. ೬೦ ಕಣ್ಣಿನಲ್ಲಿ ಇಳಿದದ್ದು ಪೂರ್ತಿ ಕೆಲಸಕ್ಕೆ ಬರುತ್ತದೆ. ನಡುವಿನದಕ್ಕೆ ಅರ್ಧದ ಲೆಕ್ಕ ಹಿಡಿಯುವುದುಂಟು. ಅಂದಮೇಲೆ ರೈತನಿಗಾಗಿ ೩೨೫ ಕಣ್ಣಿನ ಪುಡಿ ಮಾಡುವುದು ವ್ಯರ್ಥ ಖರ್ಚು. ಮೊಟ್ಟೆಯಿಡುವ ಕೋಳಿಗೆ ಪುಡಿಗಿಂತ ಚಿಪ್ಪಿನ ನುಚ್ಚೇ ಮೇಲು. ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗುತ್ತದೆ. ಬಣ್ಣದ ಕಾರಖಾನೆಯವರಿಗಾದರೋ ನುಣುಪೂ ಬೇಕು, ಬಿಳುಪೂ ಬೇಕು. ಅಲ್ಲಿ ಗುಂಡಿನ ಕಬ್ಬಿಣ ಸವೆದು ಪುಡಿಯಲ್ಲಿ ಬೆರೆತರೆ ಮಾಲು ಹಿಂದಕ್ಕೆ ಬರುತ್ತದೆ. ಅಂಥ ಕೆಲಸಕ್ಕೆ ಪಿಂಗಾಣಿಯಂಥ ಒಳಹೊದಿಕೆಯ ಬಾಲ್ ಮಿಲ್ಲು ಬೇಕು.

ಎರಡನೆಯ ಪ್ರಶ್ನೆ: ಕಲ್ಲು ಎಲ್ಲಿಯದು? ಹೊಳೆಯ ಚಿಪ್ಪೆಂದು ಅವನು ಸುಲಭವಾಗಿ ಹೇಳಿಬಿಟ್ಟ. ಅಘನಾಶಿನಿಯ ಅಳಿವೆ ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶವೆಂದು ರಾಮ್ಸಾರ್ ಪಟ್ಟಿಗೆ ಸೇರಿದೆ. ಆ ಕೆಸರಿನಲ್ಲಿ ಇಳಿತದ ಹೊತ್ತಿಗೆ ಬಳಚು ಹೆಕ್ಕಿ ಹೊಟ್ಟೆ ಹೊರೆಯುವ ಹೆಂಗಸರಿದ್ದಾರೆ. ತಳದ ಚಿಪ್ಪನ್ನು ಮನಬಂದಂತೆ ಬಾಚಿದರೆ ಮೇಲಿನ ಜೀವವೂ ಹೋಗುತ್ತದೆ. ನೆಲ ಕಳೆದುಕೊಂಡ ಮನೆಯವನಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. ಅವನು ಸುಮ್ಮನಾದ. ಉಳಿದದ್ದು ಬಾಗಲಕೋಟೆಯ ಕಡೆಯ ಕಲ್ಲು. ಅದು ಅರಬೈಲು ಘಟ್ಟವಿಳಿದು ಲಾರಿಯಲ್ಲಿ ಬರಬೇಕು. ಸಿಮೆಂಟಿನ ಕಾರಖಾನೆಗಳು ಕಲ್ಲಿನ ಗಣಿಯ ಬಳಿಯೇ ಏಕೆ ನಿಲ್ಲುತ್ತವೆಂದರೆ, ಸುಟ್ಟಾಗ ಕಲ್ಲಿನ ನೂರರಲ್ಲಿ ೪೪ ಪಾಲು ಗಾಳಿಗೆ ಹೋಗುವುದರಿಂದ ಆ ತೂಕಕ್ಕೆ ಸಾಗಾಟ ಕೊಡುವುದು ನಷ್ಟ. ಸುಡದ ಪುಡಿಯಲ್ಲಿ ತೂಕ ಕಳೆಯುವುದಿಲ್ಲ. ಆದರೆ ಅಗ್ಗದ ಮಾಲಿಗೆ ಸಾಗಾಟವೇ ಬೆಲೆಗಿಂತ ಹೆಚ್ಚಾಗಬಹುದು. ಈ ಲೆಕ್ಕವನ್ನು ಯಂತ್ರದ ಪಟ್ಟಿಯವರು ಬರೆದಿರಲಿಲ್ಲ.

ಮೂರನೆಯದು ಕಲ್ಲಿನ ಗುಣ. ಮೋಸ್ ಎಂಬ ವಿದ್ವಾಂಸನ ಗಟ್ಟಿತನದ ಏಣಿಯಲ್ಲಿ ಶುದ್ಧ ಸುಣ್ಣಕಲ್ಲಿಗೆ ೩ನೆಯ ಮೆಟ್ಟಿಲು, ಬೆಣಚುಕಲ್ಲಿಗೆ ೭ನೆಯದು. ಕಲ್ಲಿನಲ್ಲಿ ಬೆಣಚಿನ ಅಂಶ ಹೆಚ್ಚಿದ್ದರೆ ರೇಮಂಡಿನ ಉರುಳೆ ಬಳೆಗಳು ಬೇಗ ಸವೆಯುತ್ತವೆ. ಅವುಗಳನ್ನು ಬದಲಾಯಿಸುವ ಖರ್ಚು ವರ್ಷ ವರ್ಷವೂ ಬರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಬೆಣಚಿನ ಧೂಳು ಮನುಷ್ಯನ ಶ್ವಾಸಕೋಶವನ್ನು ಸೇರುವುದು. ಅದರಿಂದ ಬರುವ ಸಿಲಿಕೋಸಿಸ್ ಎಂಬ ರೋಗವನ್ನು ೧೯೪೮ರ ಕಾರಖಾನೆ ಕಾಯಿದೆಯ ಪಟ್ಟಿಯಲ್ಲಿಯೇ ಸೇರಿಸಿದ್ದರು. ಬಂದಮೇಲೆ ಅದಕ್ಕೆ ಮದ್ದಿಲ್ಲ. ಆದುದರಿಂದ ಧೂಳು ಹಿಡಿಯುವ ಚೀಲಗಳ ವ್ಯವಸ್ಥೆಯನ್ನು ಗಿರಣಿಯ ಬೆಲೆಯಲ್ಲಿ ಸೇರಿಸಿಯೇ ಲೆಕ್ಕ ಹಾಕಬೇಕು. ‘ಆಮೇಲೆ ನೋಡೋಣ’ ಎನ್ನತಕ್ಕ ವಸ್ತು ಅದಲ್ಲ. ಗಿರಣಿಯಲ್ಲಿ ನಿಲ್ಲುವವರು ನಮ್ಮ ಊರಿನ ಮಕ್ಕಳೇ ತಾನೆ? ನಮ್ಮ ಮಳೆಗಾಲದ ತೇವವನ್ನೂ ಮರೆಯಬಾರದು. ಒದ್ದೆ ಕಲ್ಲು ಗಾಳಿಯ ಗಿರಣಿಯಲ್ಲಿ ಮೆತ್ತಿಕೊಳ್ಳುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಲ್ಲನ್ನು ಒಣಗಿಸುವುದಕ್ಕೂ ಪುಡಿಯನ್ನು ಕಾಪಾಡುವುದಕ್ಕೂ ಸೂರು ಬೇಕು.

ಇಷ್ಟು ಹೇಳಿದಮೇಲೆ ಅವನು ಬೇರೊಂದು ಪ್ರಶ್ನೆ ಹಾಕಿದ. “ಹಾಗಾದರೆ ಹಳೆಯ ಸುಣ್ಣಕ್ಕೆ, ಗೋಡೆಯ ಸುಣ್ಣಕ್ಕೆ, ಈಗ ಗಿರಾಕಿಯೇ ಇಲ್ಲವೋ?”

ಇದಕ್ಕೆ ಉತ್ತರವಾಗಿ ನಾನು ಅವನನ್ನು ನಮ್ಮ ಮನೆಯ ಪಡುವಣ ಗೋಡೆಯ ಬಳಿಗೆ ಕರೆದುಕೊಂಡು ಹೋದೆ. ನಮ್ಮದು ಅಜ್ಜ ಕಟ್ಟಿಸಿದ ಚಿರೆಕಲ್ಲಿನ ಮನೆ. ಹಳೆಯ ಗಾರೆ ಅಲ್ಲಲ್ಲಿ ಉದುರಿದ್ದರಿಂದ ಎಲ್ಲವನ್ನೂ ಕೆತ್ತಿಸಿ ಸಿಮೆಂಟಿನ ಗಾರೆ ಮಾಡಿಸಿದ್ದೆ. ಊರಿನ ಹಳೆಯ ಗಾರೆಗೆಲಸದವರ ಪೈಕಿ ಒಬ್ಬ ಮುದುಕರು ಬಂದು ನೋಡಿ, “ಮಾಸ್ತರರೆ, ಚಿರೆಕಲ್ಲು ಉಸಿರಾಡುವ ಕಲ್ಲು, ಅದರ ಮೂಗು ಕಟ್ಟಬೇಡಿ” ಎಂದಿದ್ದರು. ನಾನು ಕೇಳಲಿಲ್ಲ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಕಲ್ಲು ಕುಡಿದ ನೀರು ಹೊರಗೆ ಬರಲಾರದೆ ಒಳಮೈಗೆ ಬಂತು. ಕೋಣೆಯೊಳಗೆ ಉಪ್ಪು ಹೂಬಿಟ್ಟಿತು. ಗೋಡೆಯ ಕಪಾಟಿನಲ್ಲಿದ್ದ ನನ್ನ ಹಳೆಯ ಪುಸ್ತಕಗಳಿಗೆ ಬೂಷ್ಟು ಹಿಡಿಯಿತು. ಸುಣ್ಣದ ಗಾರೆ ನೀರಿನ ಆವಿಯನ್ನು ಹೊರಕ್ಕೆ ಬಿಡುತ್ತದೆ, ಗಟ್ಟಿ ಸಿಮೆಂಟು ಹೆಚ್ಚಾಗಿ ಬಿಡುವುದಿಲ್ಲ ಎಂಬುದನ್ನು ನಾನು ಪುಸ್ತಕದಿಂದ ಕಲಿತದ್ದು ಆಮೇಲೆ. ಸಿಮೆಂಟನ್ನು ದೂರಬೇಕಾಗಿಲ್ಲ, ಸೇತುವೆಗೂ ಕಟ್ಟೆಗೂ ಅದು ಬೇಕು. ಹಳೆಯ ಮೆದು ಗೋಡೆಗೆ ಮಾತ್ರ ಅದು ತಕ್ಕ ಜೊತೆಯಲ್ಲ. ಗೋಡೆಯನ್ನು ಮತ್ತೆ ಸುಣ್ಣದಲ್ಲಿ ಮಾಡಿಸೋಣವೆಂದು ಹೊರಟಾಗ ಆ ಮುದುಕರು ಕಾಲವಾಗಿದ್ದರು. ಸುಣ್ಣವನ್ನು ಎಷ್ಟು ದಿನ ನೀರಿನಲ್ಲಿ ಕೊಳೆಯಿಸಬೇಕು, ಕೈಯಲ್ಲಿ ಹೇಗೆ ಹಿಡಿದು ನೋಡಬೇಕು ಎಂಬುದನ್ನು ಬಲ್ಲವರಿಗಾಗಿ ಮೂರು ಊರು ಅಲೆದೆ.

ಆದುದರಿಂದ ಗಿರಾಕಿ ಇಲ್ಲವೆಂದು ಹೇಳಲಾರೆ. ಹಳೆಯ ಮನೆ, ಗುಡಿ, ಕೋಟೆಗಳ ದುರಸ್ತಿಗೆ ಸುಣ್ಣ ಬೇಕೆಂದು ತಿಳಿದವರು ಈಗ ಕೇಳತೊಡಗಿದ್ದಾರೆ. ಆದರೆ ಆ ಕೆಲಸಕ್ಕೆ ಬೇಕಾದುದು ಭಟ್ಟಿ, ನೀರಿನ ತೊಟ್ಟಿ, ಒಂದು ಸಣ್ಣ ಗಾಣ, ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ. ಕಣ್ಣಿಗೆ ಬಿದ್ದರೆ ಸುಟ್ಟ ಸುಣ್ಣ ಕಣ್ಣನ್ನೇ ಕಳೆಯಬಲ್ಲದೆಂಬ ಎಚ್ಚರವೂ ಬೇಕು. ಮೂರು ಪಟ್ಟಿಗಳಲ್ಲಿ ಯಾವುದರಲ್ಲಿಯೂ ಅದರ ಮಾತಿರಲಿಲ್ಲ.

ಕೊನೆಗೆ ಏನಾಯಿತೆಂದು ನೀವು ಕೇಳುವಿರಿ. ನನ್ನ ವಿದ್ಯಾರ್ಥಿ ಮುಂಗಡ ಕೊಡಲು ಗೊತ್ತುಮಾಡಿದ್ದ ದಿನವನ್ನು ಮುಂದಕ್ಕೆ ಹಾಕಿದ. ಎರಡು ಚೀಲ ಕಲ್ಲನ್ನು ಕಟ್ಟಿಕೊಂಡು, ಅಂಥ ಗಿರಣಿ ಓಡುತ್ತಿರುವ ಕಡೆಗೆ ತಾನೇ ಹೋಗಿ, ತನ್ನ ಕಲ್ಲನ್ನು ಕಣ್ಣೆದುರಿಗೆ ಅರೆಯಿಸಿ, ಜರಡಿ ಹಿಡಿದು, ವಿದ್ಯುತ್ತಿನ ಮೀಟರು ನೋಡಿ ಬಂದ. ಪಟ್ಟಿಯಲ್ಲಿ ಬರೆದಷ್ಟು ಮಾಲು ಗಂಟೆಗೆ ಇಳಿಯಲಿಲ್ಲವಂತೆ. ೨೦೦ ಕಣ್ಣಿನ ಜರಡಿ ಹಾಕಿದಾಗ ಅರ್ಧಕ್ಕೂ ಕಡಮೆಯಾಯಿತಂತೆ. ಈಗ ಅವನು ಸಣ್ಣದೊಂದು ಸುತ್ತಿಗೆಯ ಗಿರಣಿಯಿಂದ, ಗದ್ದೆ ತೋಟಗಳ ಪುಡಿಯಿಂದ ಆರಂಭಿಸುವ ಯೋಚನೆಯಲ್ಲಿದ್ದಾನೆ. ತಂದೆಯ ಹಣದಲ್ಲಿ ಮುಕ್ಕಾಲು ಪಾಲು ಬ್ಯಾಂಕಿನಲ್ಲಿಯೇ ಇದೆ. ಅದು ಸರಿಯೋ ತಪ್ಪೋ ಕಾಲವೇ ಹೇಳಬೇಕು.

ಅವನು ಎದ್ದು ಹೊರಡುವಾಗ ನಮ್ಮ ಬಾವಿಯ ಬಳಿ ಬಟ್ಟೆ ಒಗೆಯಲು ಹಾಕಿರುವ ದುಂಡನೆಯ ಕಲ್ಲನ್ನು ತೋರಿಸಿ, ನಡುವೆ ತೂತೇಕೆ ಎಂದು ಕೇಳಿದ. ಅದು ಈ ಮನೆ ಕಟ್ಟಿದಾಗ ಗಾರೆ ಅರೆದ ಗಾಣದ ಗಾಲಿ. ವಾಚಕರೆ, ನಿಮ್ಮ ಊರಿನ ಬಾವಿಕಟ್ಟೆಯಲ್ಲಿಯೋ ಗುಡಿಯ ಹಿಂದೆಯೋ ಅಂಥದೊಂದು ಕಲ್ಲು ಬಿದ್ದಿರಬಹುದು. ಅದರ ಸುತ್ತ ಎತ್ತು ಹೊಡೆದುದನ್ನು ಕಂಡ ಹಿರಿಯರು ಇದ್ದರೆ ಅವರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ನಾನು ಒಬ್ಬರನ್ನು ಕೇಳದೆ ಕಳೆದುಕೊಂಡೆ.